ಬೈಗುಳಕ್ಕೆ ಹೆದರಿ ತಡವಾಗಿ ಬಂದವರು

ಸಾಗರದಲ್ಲಿ ಹೆಂಗಸರ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಎದುರಿಗೆ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ಓದುತ್ತಿರುವ ಹುಡುಗಿಯರು, ಸ್ವಸಹಾಯ ಸಂಘದವರು ಇದ್ದರು. ಹಿಂದಿನ ಸಾಲಿನಲ್ಲಿ ನಾಲ್ಕಾರು ಅತ್ತೆಯರೂ ಕೂತಿದ್ದರು. ಚರ್ಚೆಗೆ ಕಾವು ಬಂದದ್ದು ಅವರಿಂದಲೇ. ಬರೆಯುವಾಗ ಅಲ್ಲಲ್ಲಿ ಮಾತನ್ನು ಬಿಗಿ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಬಸುರಿಯರ ಜೊತೆ ಆಸ್ಪತ್ರೆಗೆ ಹೋಗುವುದು, ವಾರ್ಡಿನಲ್ಲಿ ಕೂರುವುದು, ಅವರು ಮನೆಗೆ ಬಂದ ಮೇಲೆ ಅವರ ಮಾತು ಕೇಳುವುದು, ಇಷ್ಟೇ ನನ್ನ ಕೆಲಸ. ಹಾಗಾಗಿ ಇವತ್ತು ಹೇಳುವುದರಲ್ಲಿ ಹೆಚ್ಚಿನದು ಅವರು ಹೇಳಿದ್ದು. ಯಾರ ಹೆಸರೂ ಬರುವುದಿಲ್ಲ, ಯಾವ ಆಸ್ಪತ್ರೆಯ ಹೆಸರನ್ನೂ ದೂರಿಗೆ ಎಳೆಯುವುದಿಲ್ಲ.

ಮಲೆನಾಡಿನಲ್ಲಿ ಹೆರಿಗೆಯ ಮಾತು ತೆಗೆದರೆ ಮೊದಲು ಬರುವುದು ರಸ್ತೆಯ ಮಾತು. ಕಾಲುಸಂಕ ಕೊಚ್ಚಿ ಹೋದದ್ದು, ಮರ ಬಿದ್ದು ಜೀಪು ನಿಂತದ್ದು, ಕಂಬಳಿ ಜೋಲಿಯಲ್ಲಿ ಹೊತ್ತು ತಂದದ್ದು. ಎಲ್ಲ ನಿಜವೇ. ತುಮರಿ ಕಡೆಯವರನ್ನು ಕೇಳಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಹಿನ್ನೀರು ತುಂಬಿ ಆ ಕಡೆಯ ಊರುಗಳು ಸಾಗರದಿಂದ ದೂರವಾದವು. ಆಮೇಲೆ ಬೇನೆ ಬರುವುದಕ್ಕೂ ಹಿನ್ನೀರು ದಾಟಿಸುವ ಲಾಂಚಿನ ಹೊತ್ತಿಗೂ ಹೊಂದಿಕೆ ಆಗಬೇಕಿತ್ತು. ಕತ್ತಲಾದ ಮೇಲೆ ಲಾಂಚ್ ಇಲ್ಲ. ದಿನ ತುಂಬುವ ಮೊದಲೇ ಬಸುರಿಯನ್ನು ಪೇಟೆಯ ನೆಂಟರ ಮನೆಗೆ ಸಾಗಿಸುವುದು ಅಲ್ಲಿ ವಾಡಿಕೆಯೇ ಆಗಿಹೋಯಿತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ತೆರೆಯಿತು. ಅರವತ್ತು ವರ್ಷದ ಕಾಯುವಿಕೆ ಮುಗಿಯಿತು.

ಸೇತುವೆ ಆದದ್ದು ನನಗೂ ಸಂತೋಷ. ಆದರೆ ಆವತ್ತು ಒಬ್ಬ ಹಿರಿಯರು, "ಇನ್ನೇನಮ್ಮ, ನಿಮ್ಮ ಹೆರಿಗೆ ತಾಪತ್ರಯ ಎಲ್ಲ ಮುಗೀತು" ಅಂದರು. ಅಲ್ಲೇ ನನಗೆ ತಕರಾರು.

1994ರಲ್ಲಿ ಸೆರೀನ್ ಥಾಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು ಹೆರಿಗೆಯ ಸಾವುಗಳ ಬಗ್ಗೆ ಒಂದು ಲೆಕ್ಕಾಚಾರ ಮುಂದಿಟ್ಟರು. ತಾಯಂದಿರು ಸಾಯುವುದು ಮೂರು ಬಗೆಯ ತಡದಿಂದ ಎಂದರು. ಆಸ್ಪತ್ರೆಗೆ ಹೋಗೋಣ ಎಂದು ತೀರ್ಮಾನ ಮಾಡುವುದರಲ್ಲಿ ಆಗುವ ತಡ ಮೊದಲನೆಯದು. ದಾರಿಯಲ್ಲಿ ಆಗುವ ತಡ ಎರಡನೆಯದು. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಸರಿಯಾದ ಆರೈಕೆ ಸಿಗುವುದಕ್ಕೆ ಆಗುವ ತಡ ಮೂರನೆಯದು. ಆಶಾ ತರಬೇತಿಯಲ್ಲಿ ನಿಮಗೂ ಇದನ್ನು ಹೇಳಿಕೊಟ್ಟಿರಬಹುದು.

ನಾವು ಮಲೆನಾಡಿನವರು ಯಾವಾಗಲೂ ಎರಡನೆಯ ತಡದ ಬಗ್ಗೆಯೇ ಮಾತಾಡುತ್ತೇವೆ. ಅದು ಕಣ್ಣಿಗೆ ಕಾಣುತ್ತದೆ, ಫೋಟೋ ತೆಗೆಯಬಹುದು, ಶಾಸಕರಿಗೆ ಮನವಿ ಕೊಡಬಹುದು. ಮೊದಲನೆಯ ತಡ ಬಂದಾಗ ಮನೆಯವರ ಮೇಲೆ ಹಾಕುತ್ತೇವೆ. "ಅತ್ತೆ ಬಿಡಲಿಲ್ಲ, ಗಂಡ ಊರಲ್ಲಿರಲಿಲ್ಲ, ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ." ಆದರೆ ನಾನು ಕೇಳಿಸಿಕೊಂಡ ಕಥೆಗಳಲ್ಲಿ ಮತ್ತೆ ಮತ್ತೆ ಬಂದದ್ದು ಬೇರೆ. ಎರಡನೇ ಹೆರಿಗೆಗೆ ತಡವಾಗಿ ಬಂದವಳನ್ನು ಕೂರಿಸಿಕೊಂಡು ಎಂತಕ್ಕೆ ಎಂದು ಕೇಳಿದರೆ, ಅವಳು ಮೊದಲನೇ ಹೆರಿಗೆಯ ಕಥೆ ಹೇಳುತ್ತಾಳೆ.

ಹೊಸನಗರ ತಾಲ್ಲೂಕಿನ ಒಬ್ಬಳು ಹೇಳಿದ್ದು ಕೇಳಿ. ಮೊದಲ ಸಲ ಬೇನೆ ಶುರುವಾದ ಕೂಡಲೇ ಆಸ್ಪತ್ರೆಗೆ ಹೋಗಿದ್ದಳು. "ಇಷ್ಟು ಬೇಗ ಎಂತಕ್ಕೆ ಬಂದೆ, ಇಲ್ಲೇನು ಛತ್ರನಾ" ಎಂದು ಬೈಸಿಕೊಂಡಳು. ನೋವಿಗೆ ಕೂಗಿದಾಗ ತೊಡೆಗೆ ಏಟು ಬಿತ್ತು. ಅದರ ಜೊತೆ ಹೆರಿಗೆ ಕೋಣೆಯ ಆ ಹಳೇ ಮಾತು: "ಮಜಾ ಮಾಡುವಾಗ ಗೊತ್ತಾಗಲಿಲ್ವಾ?" ಇಲ್ಲಿ ಕೂತಿರುವ ಎಷ್ಟೋ ಜನ ಈಗ ನಕ್ಕಿರಿ. ಯಾಕೆ ನಕ್ಕಿರಿ ಅಂತ ನನಗೆ ಗೊತ್ತು. ನಿಮ್ಮಲ್ಲೂ ಕೆಲವರಿಗೆ ಅದನ್ನೇ ಹೇಳಿದ್ದಾರೆ.

ಎರಡನೇ ಸಲ ಅವಳು ಏನು ಮಾಡಿದಳು? ಬೇನೆಯನ್ನು ಹಲ್ಲು ಕಚ್ಚಿ ತಡೆದುಕೊಂಡಳು. ಬೇಗ ಹೋದರೆ ಬೈಯುತ್ತಾರೆ, ಪೂರ್ತಿ ಹತ್ತಿರ ಬಂದ ಮೇಲೆ ಹೋಗೋಣ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಯಾರಿಗೂ ಹೇಳಲಿಲ್ಲ. ಕೊನೆಗೆ ಮಗು ಹುಟ್ಟಿದ್ದು ದಾರಿಯಲ್ಲಿ, 108ರ ಗಾಡಿಯೊಳಗೆ. ಆ ಗಾಡಿಯಲ್ಲಿದ್ದ ಸಿಬ್ಬಂದಿ ಚೆನ್ನಾಗಿ ನೋಡಿಕೊಂಡ, ತಾಯಿ ಮಗು ಇಬ್ಬರೂ ಉಳಿದರು. ಆಸ್ಪತ್ರೆಯ ಪುಸ್ತಕದಲ್ಲಿ "ತಡವಾಗಿ ಬಂದಿದ್ದಾರೆ" ಎಂದು ಬರೆದಿರುತ್ತಾರೆ. ಯಾಕೆ ತಡ ಎಂದು ಬರೆಯುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ನಾನು ಇವತ್ತು ಹೇಳಬೇಕಾದ ಒಂದೇ ಮಾತು ಇದು. ಒಂದು ಹೆರಿಗೆಯಲ್ಲಿ ಆಸ್ಪತ್ರೆಯೊಳಗೆ ಆದ ಮೂರನೆಯ ತಡ, ಮುಂದಿನ ಹೆರಿಗೆಯಲ್ಲಿ ಮನೆಯೊಳಗೆ ಮೊದಲನೆಯ ತಡವಾಗುತ್ತದೆ. ಅವಳಿಗೆ ಮಾತ್ರ ಅಲ್ಲ. ಅವಳ ತಂಗಿಗೆ, ನಾದಿನಿಗೆ, ಪಕ್ಕದ ಮನೆಯವಳಿಗೂ. ನಮ್ಮಲ್ಲಿ ಮನೆಗಳು ದೂರ ದೂರ ಇದ್ದರೂ ಹೆರಿಗೆಯ ಕಥೆ ತೋಟದಿಂದ ತೋಟಕ್ಕೆ ಬೇಗ ಓಡುತ್ತದೆ.

ಒಂದೆರಡು ಅಂಕಿ ಹೇಳುತ್ತೇನೆ, ಜಾಸ್ತಿ ಇಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ಅಂದರೆ "ಆಸ್ಪತ್ರೆಗೆ ಬನ್ನಿ" ಎಂದು ಕರೆಯುವ ಕಾಲ ಹೆಚ್ಚುಕಡಿಮೆ ಮುಗಿಯಿತು. ಎಲ್ಲರೂ ಬಂದಿದ್ದಾರೆ. ಆದರೂ 2018–20ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತಿದ್ದಾರೆ. ಪಕ್ಕದ ಕೇರಳದಲ್ಲಿ 19. ಇಷ್ಟೊಂದು ಜನ ಬಾಗಿಲೊಳಗೆ ಬಂದ ಮೇಲೂ ಸಾಯುತ್ತಿದ್ದರೆ, ಒಳಗೆ ಏನಾಗುತ್ತಿದೆ ಎಂದು ಕೇಳಬೇಕಲ್ವಾ?

ಒಳಗೆ ಆಗುವುದರಲ್ಲಿ ಔಷಧಿ, ರಕ್ತ, ಅರಿವಳಿಕೆ ಡಾಕ್ಟರು, ಇವೆಲ್ಲ ಇದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ಡ್ರಿಪ್ ಬಾಟಲಿಯ ಗುಣಮಟ್ಟದ ಬಗ್ಗೆ ಮಾತಾಡಿತು. ಆಗಬೇಕಾದ ಮಾತೇ ಅದು. ಆದರೆ ಬಾಟಲಿಯಷ್ಟು ಸುಲಭವಾಗಿ ಕೈಗೆ ಸಿಗದ ಇನ್ನೊಂದು ಕಾರಣ ಇದೆ. ಹೆದರಿದ ಹೆಂಗಸು ಬಾಯಿ ಬಿಡುವುದಿಲ್ಲ.

ಹೆರಿಗೆ ಆದ ಮೇಲೆ ವಿಪರೀತ ರಕ್ತ ಹೋಗಲು ಶುರುವಾದರೆ, ತಕ್ಷಣ ಚಿಕಿತ್ಸೆ ಸಿಗದಿದ್ದಾಗ ಎರಡು ಗಂಟೆಯೊಳಗೇ ಜೀವ ಹೋಗಬಹುದು. ಮೊದಲು ಗೊತ್ತಾಗುವುದು ಯಾರಿಗೆ? ಮಲಗಿರುವ ಅವಳಿಗೇ. ಬಟ್ಟೆ ಒದ್ದೆಯಾಗುತ್ತಿದೆ, ತಲೆ ಹಗುರಾಗುತ್ತಿದೆ, ಮೈ ತಣ್ಣಗಾಗುತ್ತಿದೆ. ಈಗತಾನೇ ಬೈಸಿಕೊಂಡವಳು ಮತ್ತೆ ಸಿಸ್ಟರನ್ನು ಕರೆಯುತ್ತಾಳಾ? "ಸುಮ್ನೆ ಕರೆದರೆ ಬೈತಾರೆ, ಇನ್ನೊಂಚೂರು ನೋಡೋಣ" ಅಂತಾಳೆ. ಬಿಪಿ ಜಾಸ್ತಿಯಾದವಳದ್ದೂ ಇದೇ ಕಥೆ. ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ, ಎದೆಗೂಡಿನ ಕೆಳಗೆ ನೋವು. ಫಿಟ್ಸ್ ಬರುವ ಮೊದಲು ಮೈ ಕೊಡುವ ಸೂಚನೆಗಳಿವು. ಇದನ್ನು ಹೇಳಿಸಿಕೊಳ್ಳುವ ವಾತಾವರಣ ವಾರ್ಡಿನಲ್ಲಿ ಇಲ್ಲದಿದ್ದರೆ ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕಪಾಟಿನಲ್ಲೇ ಇರುತ್ತದೆ. ಹಾಗಾಗಿ ಒಳ್ಳೆಯ ಮಾತನ್ನು ನಾನು ಔಷಧಿಯ ಮೇಲೆ ಸಿಗುವ ಉಪಚಾರ ಎಂದು ಲೆಕ್ಕ ಹಾಕುವುದಿಲ್ಲ. ಅದು ಇಲ್ಲದಿದ್ದರೆ ಔಷಧಿ ಹೊತ್ತಿಗೆ ಸರಿಯಾಗಿ ಅವಳನ್ನು ಮುಟ್ಟುವುದೇ ಇಲ್ಲ.

ಜೊತೆಗೆ ಒಬ್ಬರು ಇರಬೇಕು ಎನ್ನುವುದು ಇದಕ್ಕೇ. ಹಳೇ ಕಾಲದಲ್ಲಿ ಬಾಣಂತಿ ಕೋಣೆಯಲ್ಲಿ ಸೂಲಗಿತ್ತಿ ಇರುತ್ತಿದ್ದಳು, ಅಮ್ಮ ಇರುತ್ತಿದ್ದಳು, ಬೆನ್ನು ತಿಕ್ಕುವುದಕ್ಕೆ ಇನ್ನೊಬ್ಬಳು. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಆ ಕೋಣೆಗಳಲ್ಲಿ ಸತ್ತವರ ಲೆಕ್ಕ ಇಟ್ಟವರಿಲ್ಲ. ಆದರೆ ಒಬ್ಬಳೇ ಇರುತ್ತಿರಲಿಲ್ಲ, ಅದಂತೂ ಸತ್ಯ. ಆಸ್ಪತ್ರೆಗೆ ಬಂದ ಮೇಲೆ ಮೊದಲು ಕಿತ್ತುಕೊಂಡದ್ದೇ ಅದನ್ನು. ಅಮ್ಮ ಬಾಗಿಲ ಹೊರಗೆ, ಮಗಳು ಒಳಗೆ.

ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಬಹುದು ಎಂದಿದೆ. ಹೆರಿಗೆ ಕೋಣೆ ಸುಧಾರಿಸಲು 2017ರ ಡಿಸೆಂಬರಿನಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮದಲ್ಲೂ ಅದು ಇದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಹೆಂಗಸು ತಾನೇ ಆರಿಸಿಕೊಂಡ ಒಬ್ಬರು ಜೊತೆಗಿರಬೇಕು ಎಂದು ಸ್ಪಷ್ಟವಾಗಿ ಇದೆ. ಹೀಗೆ ಜೊತೆಗೊಬ್ಬರು ಇದ್ದರೆ ಏನಾಗುತ್ತದೆ ಎಂದು ಬೇರೆ ಬೇರೆ ದೇಶಗಳಲ್ಲಿ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನಗಳನ್ನು 2017ರಲ್ಲಿ ಒಟ್ಟು ಸೇರಿಸಿ ನೋಡಿದ್ದಾರೆ. ಬೇನೆಯ ಹೊತ್ತು ಕಡಿಮೆಯಾಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ಕಹಿ ನೆನಪೂ ಕಡಿಮೆಯಾಗುತ್ತದೆ ಎಂದು ಕಂಡಿದೆ. ಯಂತ್ರ ಬೇಡ, ಟೆಂಡರ್ ಬೇಡ. ಒಂದು ಸ್ಟೂಲು, ಒಂದು ಪರದೆ ಸಾಕು. ಪರದೆ ಇಲ್ಲ ಎನ್ನುವುದನ್ನೇ ಜೊತೆಗಾತಿಯನ್ನು ಬಿಡದಿರುವುದಕ್ಕೆ ಕಾರಣ ಕೊಡುತ್ತಾರೆ! ಪರದೆ ಇಲ್ಲದೆ ಒಳಪರೀಕ್ಷೆ ಮಾಡಲು ಮಾತ್ರ ಅಡ್ಡಿ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸೂಚನೆಗಳಲ್ಲಿ ಇನ್ನೂ ಕೆಲವು ಇವೆ. ನಮ್ಮ ಅಜ್ಜಿಯರು ಕೇಳಿದರೆ "ಇದನ್ನು ಹೇಳೋಕೆ ಅಷ್ಟು ದೂರದಿಂದ ಬರಬೇಕಿತ್ತಾ" ಅನ್ನುತ್ತಾರೆ. ತೊಂದರೆ ಇಲ್ಲದ ಬಸುರಿ ಬೇನೆಯ ಹೊತ್ತಿನಲ್ಲಿ ಓಡಾಡಬಹುದು, ತಿನ್ನಬಹುದು, ಕುಡಿಯಬಹುದು. ತನಗೆ ಹೊಂದುವ ಭಂಗಿಯಲ್ಲಿ ಹೆರಬಹುದು. ಎಲ್ಲರಿಗೂ ಹೆರಿಗೆಯ ದಾರಿಗೆ ಕತ್ತರಿ ಹಾಕಿ ಹೊಲಿಗೆ ಹಾಕುವ ಪದ್ಧತಿ ಬೇಡ. ಹೊಟ್ಟೆಯ ಮೇಲೆ ಕೈಯೂರಿ ಒತ್ತಿ ಮಗುವನ್ನು ತಳ್ಳುವುದು ಬೇಡ. ಈ ಕೊನೆಯದನ್ನು ಹೇಳಿದಾಗಲೆಲ್ಲ ಸಭೆಯಲ್ಲಿ ಯಾರಾದರೊಬ್ಬರು ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಈಗ ಬಿಸಿನೀರಿನ ವಿಷಯ. ಇದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ನಾನು ಮಾತಾಡಿಸಿದ ಬಾಣಂತಿಯರು ಡಾಕ್ಟರಿಗಿಂತ ಹೆಚ್ಚು ಮಾತಾಡಿದ್ದು ಇದರ ಬಗ್ಗೆ.

ಮಲೆನಾಡಿನ ಮನೆ ಎಷ್ಟೇ ಬಡವರದ್ದಾಗಲಿ, ಬಚ್ಚಲಲ್ಲಿ ಹಂಡೆ ಇರುತ್ತದೆ, ಮಳೆಗಾಲದಲ್ಲಿ ಒಲೆ ಆರುವುದಿಲ್ಲ. ಬಾಣಂತಿಗೆ ಬಿಸಿನೀರು ಎರೆಯುವುದೇ ಅರ್ಧ ಬಾಣಂತನ. ಅಂಥ ಮನೆಯಿಂದ ಬಂದ ಹುಡುಗಿ ಜುಲೈ ತಿಂಗಳ ಚಳಿಯಲ್ಲಿ ಹೆರಿಗೆಯಾಗಿ, ಹೊಲಿಗೆ ಹಾಕಿಸಿಕೊಂಡು, ವಾರ್ಡಿನ ಕೊನೆಯ ಶೌಚಾಲಯಕ್ಕೆ ಗೋಡೆ ಹಿಡಿದು ನಡೆಯುತ್ತಾಳೆ. ನೆಲ ಒದ್ದೆ. ಚಿಲಕ ಕಿತ್ತು ಹೋಗಿದೆ, ಒಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಕುಕ್ಕರಗಾಲಲ್ಲಿ ಕೂತರೆ ಹೊಲಿಗೆ ಎಳೆಯುತ್ತದೆ. ನಲ್ಲಿ ತಿರುಗಿಸಿದರೆ ಕೊರೆಯುವ ನೀರು. ಬೇಡವೇ ಬೇಡ ಎಂದು ಅವಳು ಮೂತ್ರ ತಡೆದುಕೊಳ್ಳುತ್ತಾಳೆ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಸರಿಯಾಗಿ ಕುಗ್ಗುವುದಿಲ್ಲ, ರಕ್ತ ಹೋಗುವುದು ಜಾಸ್ತಿಯಾಗುತ್ತದೆ. ಕಿತ್ತು ಹೋದ ಚಿಲಕಕ್ಕೂ ರಕ್ತಸ್ರಾವಕ್ಕೂ ಸಂಬಂಧ ಇದೆ ಎಂದು ನಾನು ಹೇಳಿದರೆ ಇಂಜಿನಿಯರ್ ಸಾಹೇಬರು ನಗಬಹುದು. ಹೆರಿಗೆ ಡಾಕ್ಟರು ನಗುವುದಿಲ್ಲ.

ನಮ್ಮ ಕಡೆಯ ತಪ್ಪು ನಂಬಿಕೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಬಾಣಂತಿಗೆ ನೀರು ಕೊಡಬಾರದು ಎನ್ನುವ ಪಥ್ಯ ಇನ್ನೂ ಎಷ್ಟೋ ಮನೆಯಲ್ಲಿದೆ. ಹಾಲೂಡಿಸುವವಳಿಗೆ ಬಾಯಾರಿಕೆ ಜಾಸ್ತಿ. ನೀರು ಕೊಡದಿದ್ದರೆ ಮಲ ಗಟ್ಟಿಯಾಗುತ್ತದೆ, ಉರಿಮೂತ್ರ ಬರುತ್ತದೆ. ಅತ್ತೆಯರೇ, ಬಿಸಿನೀರು ಆರಿಸಿಯಾದರೂ ಕೊಡಿ, ಜೀರಿಗೆ ಕಷಾಯವನ್ನಾದರೂ ಕೊಡಿ, ಆದರೆ ಕೇಳಿದಷ್ಟು ಕೊಡಿ. ಮೆಣಸಿನ ಸಾರು, ಅಂಟಿನುಂಡೆ, ಸಾಂಬ್ರಾಣಿ ಹೊಗೆ, ಇವುಗಳ ಜಗಳಕ್ಕೆ ನಾನು ಬರುವುದಿಲ್ಲ. ಹೊಗೆ ಮಗುವಿನ ಮೂಗಿಗೆ ಹೋಗದಿದ್ದರೆ ಸರಿ. ಆಸ್ಪತ್ರೆಯವರೂ ಮನೆಯ ಸಾರಿನ ಕ್ಯಾರಿಯರ್ ನೋಡಿ ಮೂಗು ಮುರಿಯುವುದು ಬೇಡ. ಸಾರಿಗೆ ಮರ್ಯಾದೆ ಕೊಟ್ಟ ನರ್ಸಿನ ಮಾತನ್ನು ಮಾತ್ರ ಅತ್ತೆ ಕೇಳುತ್ತಾಳೆ. ಇದು ನಾನು ಕಣ್ಣಾರೆ ಕಂಡದ್ದು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ ಎಲ್ಲ ಉಚಿತ. ನಾರ್ಮಲ್ ಆದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನದವರೆಗೆ ಊಟ ಉಚಿತ. ಮನೆಯಿಂದ ಆಸ್ಪತ್ರೆಗೆ, ರೆಫರ್ ಮಾಡಿದರೆ ಇನ್ನೊಂದು ಆಸ್ಪತ್ರೆಗೆ, ಆಮೇಲೆ ವಾಪಸ್ ಮನೆಗೆ ಗಾಡಿಯೂ ಉಚಿತ. "ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು, ಖುಷಿಗೆ ಕೊಡಿ" ಎನ್ನುವುದು ಯಾವ ಕಾರ್ಯಕ್ರಮದಲ್ಲೂ ಇಲ್ಲ. ಮಗುವನ್ನು ಕೈಗೆ ಕೊಡುವ ಮೊದಲು ಕೇಳುವ ಖುಷಿಯಲ್ಲಿ ಯಾರ ಖುಷಿಯೂ ಇರುವುದಿಲ್ಲ.

ರೆಫರ್ ಎಂದೆನಲ್ಲ, ಅದು ಮಲೆನಾಡಿನವರ ದೊಡ್ಡ ಹೆದರಿಕೆ. ಸಿಸೇರಿಯನ್ ಮಾಡಬೇಕಾದರೆ ಹೆರಿಗೆ ಡಾಕ್ಟರ ಜೊತೆ ಅರಿವಳಿಕೆ ಡಾಕ್ಟರು ಬೇಕು, ರಕ್ತ ಬೇಕು, ಮಗು ನೋಡುವ ಡಾಕ್ಟರು ಬೇಕು. ನಾಲ್ಕರಲ್ಲಿ ಒಂದು ಇಲ್ಲದ ರಾತ್ರಿ ಚೀಟಿ ಬರೆದು ಶಿವಮೊಗ್ಗಕ್ಕೆ ಕಳಿಸುತ್ತಾರೆ. ತೀರ್ಥಹಳ್ಳಿಯಿಂದಾದರೆ ಸುಮಾರು 60 ಕಿಲೋಮೀಟರ್, ಸಾಗರದಿಂದ 70. ಕೆಲವರು ಆಗುಂಬೆ ಘಾಟಿಯ 14 ತಿರುವು ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ಕಳಿಸುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತಲುಪಿ ಬದುಕಿದವರು ನಮ್ಮ ಜಿಲ್ಲೆಯ ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ. ಹೆಂಗಸರ ದೂರು ಬೇರೆ. "ಯಾಕೆ ಕಳಿಸುತ್ತಿದ್ದಾರೆ ಅಂತ ನನಗೆ ಯಾರೂ ಹೇಳಲಿಲ್ಲ. ನಾನು ಸಾಯುತ್ತೇನೆ ಅಂತಲೇ ಅಂದುಕೊಂಡು ಅಷ್ಟು ದೂರ ಹೋದೆ." ಇದನ್ನು ಒಬ್ಬಳಲ್ಲ, ಬಹಳ ಜನ ಹೇಳಿದ್ದಾರೆ. ಒಂದು ನಿಮಿಷದ ವಿವರಣೆ ಸಿಕ್ಕಿದ್ದರೆ ಆ ದಾರಿ ಬೇರೆಯದೇ ಆಗಿರುತ್ತಿತ್ತು. ಹೊಸ ಆಸ್ಪತ್ರೆಗೆ ಫೋನ್ ಮಾಡಿ "ಇಂಥವರು ಬರುತ್ತಿದ್ದಾರೆ, ರಕ್ತದ ಗುಂಪು ಇದು" ಎಂದು ಹೇಳಿದ್ದರಂತೂ ಅಲ್ಲಿ ಮತ್ತೆ ಮೊದಲಿಂದ ಚೀಟಿ ಮಾಡಿಸುವ ತಡ ತಪ್ಪುತ್ತಿತ್ತು.

ಒಪ್ಪಿಗೆಯ ಮಾತಿಗೆ ಬರೋಣ. ಸಿಸೇರಿಯನ್ ಫಾರಂ ಬಂದ ಕೂಡಲೇ ಎಲ್ಲರೂ ಕೇಳುವುದು "ಗಂಡ ಎಲ್ಲಿ?" ಗಂಡ ಬೆಂಗಳೂರಲ್ಲಿ ಕೆಲಸದಲ್ಲಿದ್ದರೆ ಅಣ್ಣ, ಅಣ್ಣ ಇಲ್ಲದಿದ್ದರೆ ಮಾವ. ಹೊಟ್ಟೆ ಯಾರದ್ದು, ಸಹಿ ಯಾರದ್ದು ನೋಡಿ! ಮನೆಯವರಿಗೆ ತಿಳಿಸುವುದು ಒಳ್ಳೆಯದೇ. ಆದರೆ ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕ ಹೆಂಗಸಿನ ದೇಹಕ್ಕೆ ಅವಳದೇ ಒಪ್ಪಿಗೆ ಬೇಕು.

ಇದು ನನ್ನ ಮಾತಲ್ಲ, ಸುಪ್ರೀಂ ಕೋರ್ಟಿನದ್ದು. ಸಮೀರಾ ಕೊಹ್ಲಿ ಪ್ರಕರಣ, 2008ರ ಜನವರಿಯ ತೀರ್ಪು. ದೆಹಲಿಯಲ್ಲಿ 44 ವರ್ಷದ ಒಬ್ಬ ಹೆಂಗಸು 1995ರಲ್ಲಿ ಪರೀಕ್ಷೆಗೆಂದು ಅರಿವಳಿಕೆ ತೆಗೆದುಕೊಂಡು ಮಲಗಿದ್ದರು. ಅವರಿಗೆ ಎಚ್ಚರ ಇಲ್ಲದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. ರೋಗಿ ಎಚ್ಚರಾಗುವವರೆಗೆ ಕಾಯಬಹುದಿತ್ತು, ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆ ಆಗುವುದಿಲ್ಲ ಎಂದು ಕೋರ್ಟು ಹೇಳಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಆಗುವುದಿಲ್ಲ. ಜೀವ ಉಳಿಸಲು ತಕ್ಷಣ ಮಾಡಲೇಬೇಕಾದದ್ದು ಮಾತ್ರ ಬೇರೆ.

ನಮ್ಮ ಕಡೆ ಇದಕ್ಕಿಂತ ಸದ್ದಿಲ್ಲದೆ ನಡೆಯುವುದು ಕಾಪರ್ ಟಿ, ಅಂದರೆ ಬಸಿರು ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಸಾಧನ. ಹೆರಿಗೆಯಾದ ಕೂಡಲೇ, ನೋವಿನಲ್ಲಿ ಇರುವಾಗಲೇ ಹಾಕಿಬಿಡುತ್ತಾರೆ. ಎಷ್ಟೋ ತಿಂಗಳಾದ ಮೇಲೆ ಹೊಟ್ಟೆನೋವೆಂದು ಸ್ಕ್ಯಾನಿಂಗ್‌ಗೆ ಹೋದಾಗ ಒಳಗೆ ಅದಿದೆ ಎಂದು ಗೊತ್ತಾದವರನ್ನು ನಾನು ಮಾತಾಡಿಸಿದ್ದೇನೆ. ಕಾಪರ್ ಟಿ ಒಳ್ಳೆಯ ಸಾಧನ, ಬೇಕಾದವರಿಗೆ ವರ್ಷಗಟ್ಟಲೆ ನೆಮ್ಮದಿ. ಹೇಳದೆ ಹಾಕಿದರೆ ಅದೇ ಸಾಧನದ ಬಗ್ಗೆ ಊರೆಲ್ಲ ಭಯ ಹಬ್ಬುತ್ತದೆ. ಆಮೇಲೆ ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋಗಿ ಎಷ್ಟು ಹೇಳಿದರೂ ಕೇಳುವವರಿಲ್ಲ.

ಖಾಸಗಿ ಆಸ್ಪತ್ರೆಯಲ್ಲಿ ಬೈಗುಳ ಕಡಿಮೆ, ಬಿಸಿನೀರು ಇರುತ್ತದೆ. ಅಲ್ಲಿಯ ಹೆಂಗಸರ ಪ್ರಶ್ನೆ ಒಂದೇ: "ನನಗೆ ಸಿಸೇರಿಯನ್ ಬೇಕಿತ್ತಾ?" ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 31 ಸಿಸೇರಿಯನ್. ಖಾಸಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ. ಎಲ್ಲವೂ ದುಡ್ಡಿಗಾಗಿ ಎಂದು ಹೇಳುವ ಧೈರ್ಯ ನನಗಿಲ್ಲ. ಒಳ್ಳೆಯ ನಕ್ಷತ್ರ ನೋಡಿ ದಿನ ಗೊತ್ತು ಮಾಡಿಕೊಂಡು ಬರುವ ಮನೆಯವರೂ ಇದ್ದಾರೆ. ಆದರೆ "ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿದೆ" ಎಂದ ಕೂಡಲೇ ಗಾಬರಿಯಾಗಬೇಡಿ. ಅದು ತುಂಬಾ ಮಕ್ಕಳಲ್ಲಿ ಕಾಣುವಂಥದ್ದು, ಅದೊಂದೇ ಕಾರಣಕ್ಕೆ ಹೊಟ್ಟೆ ಕೊಯ್ಯಬೇಕಾಗಿಲ್ಲ. "ಮಗುವಿನ ಎದೆಬಡಿತ ಹೇಗಿದೆ, ಇನ್ನು ಸ್ವಲ್ಪ ಹೊತ್ತು ಕಾಯಬಹುದಾ" ಎಂದು ಕೇಳಿ. ಕೇಳಿದರೆ ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ.

ಇನ್ನೊಂದು ವಿಷಯ ಇದೆ. ಹೇಳುವುದಕ್ಕೆ ನನಗೂ ಕಷ್ಟ. ಮಗು ಉಳಿಯದ ತಾಯಂದಿರದ್ದು.

ಅವಳನ್ನು ಎಲ್ಲಿ ಮಲಗಿಸುತ್ತಾರೆ? ಅದೇ ವಾರ್ಡು, ಅದೇ ಸಾಲು. ಆ ಕಡೆ ಈ ಕಡೆ ಮಕ್ಕಳ ಅಳು. ನೋಡಲು ಬಂದವರು "ಮಗು ಎಲ್ಲಿ?" ಎಂದು ಕೇಳುತ್ತಾರೆ. ಪ್ರತಿ ಪಾಳಿಯ ಹೊಸ ನರ್ಸೂ ಅದನ್ನೇ ಕೇಳುತ್ತಾಳೆ, ಕೇಸ್ ಶೀಟ್ ನೋಡದೆ. ಎರಡು ಮೂರು ದಿನಕ್ಕೆ ಎದೆ ಬಿಗಿಯುತ್ತದೆ, ಹಾಲು ಬರುತ್ತದೆ. ಹಾಲು ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಏನು ಮಾಡಬೇಕೆಂದೂ ಹೇಳಿರುವುದಿಲ್ಲ. ಎದೆಗೆ ಆಸರೆ ಕೊಡುವ ಒಳಉಡುಪು, ತಣ್ಣೀರ ಬಟ್ಟೆ, ನೋವು ತಡೆಯದಷ್ಟಾದರೆ ಮಾತ್ರ ಸ್ವಲ್ಪ ಹಿಂಡುವುದು, ಬೇಕಿದ್ದರೆ ಡಾಕ್ಟರು ಬರೆದುಕೊಡುವ ಮಾತ್ರೆ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಮನೆಗೆ ಹೋದ ಮೇಲಂತೂ ಅವಳು ಯಾವ ಲೆಕ್ಕಕ್ಕೂ ಇಲ್ಲ. ಮಗು ಇಲ್ಲ, ಲಸಿಕೆ ಇಲ್ಲ, ಭೇಟಿಯೂ ಇಲ್ಲ. ಅವಳೂ ಬಾಣಂತಿಯೇ, ಅವಳಿಗೂ ರಕ್ತ ಹೋಗುತ್ತದೆ, ಜ್ವರ ಬರುತ್ತದೆ. ವಾರ್ಡಿನ ಮೂಲೆಯ ಒಂದು ಮಂಚ, ಅದಕ್ಕೊಂದು ಪರದೆ, ಕೇಸ್ ಶೀಟಿನ ಮೇಲೆ ಎಲ್ಲ ಪಾಳಿಯವರಿಗೂ ಅರ್ಥವಾಗುವ ಒಂದು ಗುರುತು. ಇದನ್ನು ನಾಳೆಯೇ ಮಾಡಬಹುದು.

ನರ್ಸುಗಳ ಪರವಾಗಿಯೂ ಹೇಳಲೇಬೇಕು. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇಡೀ ವಾರ್ಡ್ ನೋಡುತ್ತಾಳೆ, ಎಷ್ಟೋ ಜನ ಗುತ್ತಿಗೆಯ ಮೇಲೆ ಇದ್ದಾರೆ, ಏನಾದರೂ ಆದರೆ ಸಂಬಂಧಿಕರು ಮೊದಲು ಕೈ ಎತ್ತುವುದು ಅವಳ ಮೇಲೆಯೇ. ಮೇಲಿನವರು ಅವಳ ಜೊತೆ ಮಾತಾಡುವ ಧಾಟಿಯಲ್ಲೇ ಅವಳು ಬಸುರಿಯ ಜೊತೆ ಮಾತಾಡುತ್ತಾಳೆ. ಹಾಗಂತ ಏಟಿಗೆ ವಿನಾಯಿತಿ ಇಲ್ಲ. ಅದೇ ಆಸ್ಪತ್ರೆಯಲ್ಲಿ, ಅದೇ ಸಂಬಳಕ್ಕೆ, ಅದೇ ಜನಜಂಗುಳಿಯಲ್ಲಿ ತಲೆ ಸವರಿ "ಆಯ್ತು ಕಣಮ್ಮ, ಇನ್ನೊಂಚೂರು" ಅನ್ನುವ ಸಿಸ್ಟರೂ ಇದ್ದಾರೆ. ಇಪ್ಪತ್ತು ವರ್ಷದ ಮೇಲೂ ಹೆಂಗಸರು ಅವರ ಹೆಸರು ಹೇಳುತ್ತಾರೆ. ಡಾಕ್ಟರ ಹೆಸರು ಮರೆತಿರುತ್ತಾರೆ.

ಸಭೆಯಲ್ಲಿ ಬಂದ ಪ್ರಶ್ನೆಗಳು

ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಕೇಳಿದರು: "ನಾವು ಐದೈದು ಹೆತ್ವಿ. ನಮ್ಮನ್ನ ಯಾರು ಒಪ್ಪಿಗೆ ಕೇಳಿದ್ರು? ಈಗಿನವಕ್ಕೆ ಎಲ್ಲ ನಾಜೂಕು ಜಾಸ್ತಿ."

ಅಮ್ಮ, ನಿಮ್ಮನ್ನು ಯಾರೂ ಕೇಳಲಿಲ್ಲ ಎನ್ನುವುದು ನಿಮಗೆ ಇವತ್ತಿಗೂ ನೆನಪಿದೆಯಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಬಿಟ್ಟು ತಮ್ಮ ಮೂರನೇ ಹೆರಿಗೆಯ ಕಥೆ ಹೇಳಿದರು. ಅದನ್ನು ಇಲ್ಲಿ ಬರೆಯಬೇಡ ಎಂದಿದ್ದಾರೆ.

ಒಬ್ಬ ತಾಯಿ ಕೇಳಿದರು: "ಮಗಳ ಹೆರಿಗೆಯಲ್ಲಿ ಏನಾಯಿತು ಅಂತ ಗೊತ್ತಾಗಲೇ ಇಲ್ಲ. ಕಾಗದ ಕೇಳಿದರೆ ಕೊಡ್ತಾರಾ?"

ಕೊಡಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮದಲ್ಲೇ ಇದೆ. ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಸರ್ಕಾರಿ ಆಸ್ಪತ್ರೆಯ ದೂರಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ, ಆಡಳಿತಾಧಿಕಾರಿಗೂ ಬರೆದು ಕೊಡಿ. ಖಾಸಗಿಯದಾದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ.

ನರ್ಸಿಂಗ್ ಓದುವ ಹುಡುಗಿ ಕೇಳಿದಳು: "ಮುಂದೆ ನಾನೂ ಒಬ್ಬಳೇ ವಾರ್ಡ್ ನೋಡಬೇಕಾಗುತ್ತೆ ಮೇಡಂ. ಇಷ್ಟೆಲ್ಲ ಮಾತಾಡುತ್ತಾ ಕೂರುವುದಕ್ಕೆ ಟೈಮ್ ಎಲ್ಲಿರುತ್ತೆ?"

ಕೂರುವುದು ಬೇಡಮ್ಮ. ನಿನ್ನ ಹೆಸರು ಹೇಳು. ಮುಟ್ಟುವ ಮೊದಲು ಏನು ಮಾಡುತ್ತೀಯ ಎಂದು ಹೇಳು. ಹೊರಡುವಾಗ ಮತ್ತೆ ಯಾವಾಗ ಬರುತ್ತೀಯ, ಏನಾದರೆ ಕೂಡಲೇ ಕರೆಯಬೇಕು ಎಂದು ಹೇಳು. "ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ ಕರೀರಿ, ನಾನು ಬೈಯಲ್ಲ." ಇಷ್ಟಕ್ಕೆ ಒಂದು ನಿಮಿಷ ಸಾಕು.

ಕೊನೆಯ ಪ್ರಶ್ನೆ ಆಶಾ ಕಾರ್ಯಕರ್ತೆಯೊಬ್ಬರದ್ದು: "ಬೈಗುಳ ನಮಗೂ ಬೀಳುತ್ತೆ ಮೇಡಂ. ನಾವು ಏನು ಮಾಡೋಕಾಗುತ್ತೆ?"

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ನೀವು 3, 7, 14, 21, 28 ಮತ್ತು 42ನೇ ದಿನ ಹೋಗುತ್ತೀರಿ. ಮಗುವಿನ ತೂಕ ನೋಡುತ್ತೀರಿ, ಹೊಕ್ಕುಳು ನೋಡುತ್ತೀರಿ, ಜ್ವರ ನೋಡುತ್ತೀರಿ. ಮೊದಲ ಭೇಟಿಯಲ್ಲೇ ಅತ್ತೆ ಒಳಗೆ ಹೋದಾಗ ಬಾಣಂತಿಯನ್ನು ಒಂದು ಪ್ರಶ್ನೆ ಕೇಳಿ. "ಅಲ್ಲಿ ನಿನ್ನನ್ನು ಹೇಗೆ ನೋಡಿಕೊಂಡ್ರು?" ಅವಳು ಹೇಳಿದ್ದನ್ನು ನಿಮ್ಮ ಡೈರಿಯಲ್ಲಿ ಬರೆದಿಡಿ, ಹೆಸರು ಬೇಡ. ತಿಂಗಳ ಸಭೆಯಲ್ಲಿ ವೈದ್ಯಾಧಿಕಾರಿಗಳ ಎದುರು ನಾಲ್ಕೈದು ಜನ ಆಶಾಗಳು ಒಟ್ಟಿಗೆ ಓದಿ ಹೇಳಿ. ಒಬ್ಬರೇ ಹೇಳಿದರೆ ದೂರು, ನಾಲ್ಕೈದು ಡೈರಿಯಲ್ಲಿ ಒಂದೇ ವಿಷಯ ಇದ್ದರೆ ತಳ್ಳಿ ಹಾಕುವುದು ಕಷ್ಟ. ಗೀಸರ್ ಇಲ್ಲ, ಚಿಲಕ ಇಲ್ಲ, ಪರದೆ ಇಲ್ಲ ಎನ್ನುವಂಥದ್ದನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಇಡಲು ಹೇಳಿ. ಸಮಿತಿಯಲ್ಲಿ ಇರುವವರು ಯಾರು ಎಂದು ತಿಳಿದುಕೊಂಡು ಅವರ ಮನೆಯ ಹೆಂಗಸರಿಗೂ ಒಂದು ಮಾತು ಹಾಕಿ. ಅದು ಬೇಗ ಕೆಲಸ ಮಾಡುತ್ತದೆ.